ಎರಡು ಸೀಟಿನ ಗಾಡಿಯ ಮೂಗುಬಟ್ಟೆ

ಗುರುಶಿದ್ದಪ್ಪ ಮಗನನ್ನು ಕಳಿಸಿದ್ದು ಎತ್ತು ತರುವುದಕ್ಕೆ. ಮಗ ಯಮನಪ್ಪ ತಂದದ್ದು ಮೋಟಾರು. ಅದನ್ನೂ ನಾಲ್ಕು ಜನರ ಕೈಯಲ್ಲಿ ತಳ್ಳಿಸಿಕೊಂಡು ತಂದ.

ಹುಬ್ಬಳ್ಳಿ ಧಾರವಾಡ ಎರಡೂ ಕೂಡಿ ಒಂದೇ ಕಾರ್ಪೊರೇಶನ್ ಆದ ವರ್ಷ ಅದು. ಯುಗಾದಿಗೆ ಇನ್ನೂ ನಾಲ್ಕು ದಿನವಿತ್ತು. ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಎದುರಿನಿಂದ ಎಮ್ಮೆ ಬಂದರೆ ಮನುಷ್ಯ ಯಾರದಾದರೂ ಮನೆಯ ಕಟ್ಟೆ ಹತ್ತಿ ನಿಲ್ಲಬೇಕು. ಅಂಥ ಓಣಿಯೊಳಗೆ ಕೆಂಪು ಬಣ್ಣದ, ಉದ್ದ ಮೂತಿಯ, ಮೇಲೆ ಛತ್ತಿಲ್ಲದ ಗಾಡಿಯೊಂದು ಎರಡೂ ಕಡೆಯ ಗೋಡೆಗಳಿಗೆ ಮೈ ಸವರುತ್ತ ಬಂದು ನಿಂತಿತು. ರೊಟ್ಟಿ ಬಡಿಯುತ್ತಿದ್ದ ಸೊಸೆ ಸಾವಕ್ಕ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಳು. ಗಾಡಿಯ ಮೇಲೆ ಹತ್ತು ವರ್ಷದ ಧೂಳು ಕೂತಿತ್ತು. ಆದರೂ ಅದು ಎಲ್ಲಿಗೋ ಹೊರಟು ನಿಂತ ಹಾಗೆ ಅವಳಿಗೆ ಕಂಡಿತು.

"ಎತ್ತು ಎಲ್ಲಿ?" ಎಂದ ಗುರುಶಿದ್ದಪ್ಪ, ಕಟ್ಟೆಯ ಮೇಲಿಂದ.

"ಅಪ್ಪಾ, ಇದು ಸ್ಪೋರ್ಟ್ಸ್ ಕಾರು. ಇಡೀ ಜಿಲ್ಲಾದಾಗ ಇಂಥಾದ್ದು ಇನ್ನೊಂದಿಲ್ಲ."

"ಎತ್ತು ಎಲ್ಲಿ ಅಂತ ಕೇಳಿದೆ."

ಗುರುಶಿದ್ದಪ್ಪ ಮೂವತ್ತು ವರ್ಷ ತ್ರ್ಯಂಬಕರಾಯರ ಹತ್ತಿ ಜಿನ್ನಿನಲ್ಲಿ ದುಡಿದವನು. ಅರಳೆಯಿಂದ ಬೀಜ ಬೇರೆ ಮಾಡುವ ಯಂತ್ರದ ಮುಂದೆ ನಿಂತು ನಿಂತು, ಹೊಟ್ಟೆಗೆ ಅನ್ನ ಹೋದಷ್ಟೇ ಎದೆಗೆ ಹತ್ತಿಯ ಪುಡಿ ಹೋಗಿತ್ತು. ಈಗ ರಾಯರು ಜಿನ್ನು ಮುಚ್ಚಿ ಪುಣೆಯ ಮಗನ ಮನೆಗೆ ಹೊರಟಿದ್ದರು. ಹೊರಡುವ ಮುಂಚೆ, ಇಷ್ಟು ವರ್ಷ ದುಡಿದದ್ದಕ್ಕೆ ಇನಾಮೆಂದು ಹೇಳಿ ಕಳಿಸಿದ್ದರು: "ಅಂಗಳದಾಗ ಒಂದು ಜೋಡಿ ಎತ್ತವ, ಶೆಡ್ಡಿನಾಗ ಹತ್ತಿ ಖರೀದಿಗೆ ಬರ್ತಿದ್ದ ಇಂಗ್ಲಿಷ್ ಸಾಹೇಬ ಬಿಟ್ಟುಹೋದ ಗಾಡಿ ಅದ. ಗುರುಶಿದ್ದಪ್ಪಗ ಯಾವುದು ಬೇಕೋ ಅದು ಒಯ್ಯಲಿ." ಆ ದಿನ ಗುರುಶಿದ್ದಪ್ಪನ ದಮ್ಮು ಜೋರಾಗಿತ್ತು. ಎದ್ದು ಹೋಗಲಾಗದೆ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಮಗನನ್ನು ಕಳಿಸಿದ್ದ. ಫಿಟ್ಟರನನ್ನು ಶೆಡ್ಡಿನ ಬಾಗಿಲಿಗೆ ಕಳಿಸಿದ ಮೇಲೆ ಎತ್ತಿನ ಆಸೆ ಬಿಡಬೇಕಿತ್ತು. ಮುದುಕನಿಗೆ ಅಷ್ಟು ಹೊಳೆಯಲಿಲ್ಲ.

"ಎತ್ತು ಅಲ್ಲೇ ಅದಾವು," ಎಂದ ಯಮನಪ್ಪ. "ಬಸವ ಜಯಂತಿ ಮಟ ರಾಯರು ಇಲ್ಲೇ ಇರ್ತಾರ. ಗಾಡಿ ಬ್ಯಾಡಾದ್ರ ತಿರುಗಿ ಕೊಟ್ಟು ಎತ್ತು ಒಯ್ಯಿ ಅಂದಾರ."

ಗುರುಶಿದ್ದಪ್ಪ ಮಗನ ಕಡೆ ನೋಡಲಿಲ್ಲ. ಹೊಸ್ತಿಲ ಕಡೆ ತಿರುಗಿದ.

"ಸಾವಕ್ಕಾ, ನಿನ್ನ ಗಂಡಗ ಹೇಳು. ಬಸವ ಜಯಂತಿ ದಿನ ಈ ಗಾಡಿ ಮುಗದಕ್ಕ ಹೋಗಿ ಬರಬೇಕು. ನಡುದಾರ್ಯಾಗ ನಿಂತಿತೋ, ಮರುದಿನ ಎತ್ತು ಈ ಬಾಗಲಾಗ ಇರಬೇಕು."

ಗಂಡ ಎರಡು ಮಾರು ದೂರದಲ್ಲಿ ನಿಂತಿದ್ದ. ಸಾವಕ್ಕ ಅವನ ಕಡೆ ತಿರುಗಿ, "ಮಾವಾರು ಹಿಂಗಂದ್ರು ನೋಡ್ರಿ," ಎಂದಳು. ಅಂದಿನಿಂದ ಅಪ್ಪ ಮಗನ ಮಾತು ನಿಂತಿತು. ಸಾವಕ್ಕ ಅವರಿಬ್ಬರ ನಡುವಿನ ಟಪಾಲಿನವಳಾದಳು.

ಮುಗದ ಅಂದದ್ದಕ್ಕೆ ಕಾರಣವಿತ್ತು. ಅದು ಗುರುಶಿದ್ದಪ್ಪನ ಹುಟ್ಟೂರು. ತಂಗಿ ಗುಡ್ಡವ್ವನನ್ನು ಅದೇ ಊರಿನ ಮನೆಯೊಂದಕ್ಕೆ ಕೊಟ್ಟಿತ್ತು. ಆ ಗುಡ್ಡವ್ವನ ಮಗಳೇ ಸಾವಕ್ಕ. ಸೋದರಮಾವನ ಮನೆಗೇ ಸೊಸೆಯಾಗಿ ಬಂದವಳು. ಅವಳು ತವರಿಗೆ ಹೋಗಿ ಎರಡು ವರ್ಷವಾಗಿತ್ತು. ಒಂದು ಸಲ ಅತ್ತೆಯ ಮೊಣಕಾಲು ನೋವು, ಇನ್ನೊಂದು ಸಲ ಮಾವನ ದಮ್ಮು. ಹೊರಟಾಗಲೆಲ್ಲ ಮನೆಯಲ್ಲಿ ಏನಾದರೊಂದು ಎದ್ದು ಕೂರುತ್ತಿತ್ತು. ಗುಡ್ಡವ್ವನ ಕಣ್ಣು ಮಂದವಾಗುತ್ತಿದೆ ಎಂದು ಯಾರೋ ಸಂತೆಗೆ ಬಂದವರು ಹೇಳಿ ಹೋಗಿದ್ದರು.

ಸಂಜೆ ಹಿತ್ತಿಲ ಬಾವಿಯ ಹತ್ತಿರ ಕೈಯ ಗ್ರೀಸು ತೊಳೆಯುತ್ತ ಯಮನಪ್ಪ ಮೆಲ್ಲಗೆ ಹೇಳಿದ: "ಮೊದಲನೇ ಸವಾರಿ ನಿಂದ. ಮುಗದಕ್ಕ, ನಿಮ್ಮವ್ವನ ಬಾಗಲಿಗೆ ಒಯ್ದು ಇಳಸ್ತೇನಿ."

ಸಾವಕ್ಕ ನೀರು ಹಾಕುತ್ತಲೇ ಇದ್ದಳು. ಕೊಡ ಖಾಲಿಯಾದದ್ದು ಅವಳಿಗೆ ಗೊತ್ತಾಗಲಿಲ್ಲ. ಅಂದಿನಿಂದ ಅವಳು ರೊಟ್ಟಿ ತಟ್ಟುವಾಗ, ಮೆಣಸಿನಕಾಯಿ ಕುಟ್ಟುವಾಗ, ಮಾವನಿಗೆ ಬಿಸಿನೀರು ಕಾಸುವಾಗ ಆ ಎರಡನೆಯ ಸೀಟಿನಲ್ಲೇ ಕೂತಿರುತ್ತಿದ್ದಳು. ಉಣಕಲ್ಲ ಕೆರೆ ಹಿಂದಕ್ಕೆ ಸರಿಯುತ್ತಿತ್ತು, ನವಲೂರಿನ ಪೇರಲ ತೋಟಗಳು ಸರಿಯುತ್ತಿದ್ದವು. ಮುಖಕ್ಕೆ ತಂಪು ಗಾಳಿ ಬಡಿಯುತ್ತಿತ್ತು. ಅತ್ತೆ ರುಕ್ಮವ್ವ ಎರಡು ಸಲ ಕೂಗಿದ ಮೇಲೆ ಅವಳು ಅಡುಗೆಮನೆಗೆ ಮರಳಿ ಬರುತ್ತಿದ್ದಳು.

"ರೊಟ್ಟಿ ಹೊತ್ತಾಕತ್ತೈತಿ. ಎಲ್ಲಿ ಹೋಗಿದ್ದಿ?"

"ಇಲ್ಲೇ ಅದೇನಿರಿ ಅತ್ತಿ."

"ಇಲ್ಲೇ ಇದ್ದಾಕಿ ಹಿಂಗ ನಗತಾಳೇನು?"

ರುಕ್ಮವ್ವನಿಗೆ ಗಾಡಿಯ ಮೇಲೆ ಬೇರೆಯೇ ತಕರಾರಿತ್ತು. "ಮನ್ಯಾಗ ನಾಲ್ಕು ಮಂದಿ. ಇದರಾಗ ಎರಡು ಸೀಟು. ಇದನ್ನ ಮಾಡಿದವಗ ತಾಯಿ ಇರಲಿಲ್ಲೇನು? ಮುಪ್ಪಿನಾಕಿ ಮನ್ಯಾಗ ಕುಂತು, ಗಂಡಾ ಹೆಂಡತಿ ದುರ್ಗದಬೈಲದ ಪ್ಯಾಟ್ಯಾಗ ಮೆರಕೋತ ಹೋಗ್ರಿ, ಮಂದಿ ನೋಡ್ಲಿ."

"ನೀನೂ ಕುಂದ್ರಬೇ ಅವ್ವಾ, ಯಾರು ಬ್ಯಾಡಂದಾರ?" ಎಂದ ಯಮನಪ್ಪ.

"ಯಾರ ತೊಡಿ ಮ್ಯಾಲ?"

ಯುಗಾದಿ ಕಳೆದ ಮೂರನೆಯ ದಿನ ಇಂಜಿನು ಚಾಲೂ ಆಯಿತು. ಓಣಿಯ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದುಹೋದವು. ಯಮನಪ್ಪ ಹಿಗ್ಗಿನಿಂದ ಹೆಂಡತಿಯನ್ನು ಕರೆದು, ಮೂತಿಯ ಮೇಲಿನ ಮುಚ್ಚಳ ಎತ್ತಿ ತೋರಿಸಿದ.

"ಇಲ್ಲಿ ನೋಡು. ಎಲ್ಲಾ ಗಾಡಿಗೆ ಒಂದು ಬಾಯಿ ಇದ್ರ ಇದಕ್ಕ ಎರಡು. ಇಲ್ಲಿಂದ ಗಾಳಿ ಎಳಕೊಂಡು ಒಳಗ ಪೆಟ್ರೋಲಿನ ಜೋಡಿ ಸುಡತೈತಿ. ಈ ಬಾಯಿಗೆ ಗಾಳಿ ಸೋಸೋ ಡಬ್ಬಿ ಇದ್ದುವು. ತುಕ್ಕು ತಿಂದು ಹಾಳಾಗ್ಯಾವು. ಹಂಗ ಓಡಿಸಿದ್ರ ಮುಗದದ ರಸ್ತಾದಾಗಿನ ಧೂಳಿ ಎಲ್ಲಾ ಹೊಟ್ಟಿಗೆ ಹೋಕ್ಕೈತಿ. ಎರಡು ತಿಂಗಳಿಗೆ ಇಂಜಿನ್ ಸವದು ತೂತು ಗಡಿಗಿ ಆಕ್ಕೈತಿ."

ಕಟ್ಟೆಯ ಮೇಲೆ ಕೆಮ್ಮು ಕೇಳಿಸಿತು. ಆಮೇಲೆ ಮಾತು. "ಸಾವಕ್ಕಾ, ಅವಗ ಹೇಳು. ಗಾಡಿ ಎದಿಗೆ ಧೂಳಿ ಹೋಗಬಾರದು ಅಂತ ಎಷ್ಟು ಕಾಳಜಿ. ಛಲೋ ಆತು."

ಯಮನಪ್ಪನ ಮುಖ ಕೆಂಪಗಾಯಿತು. ಆ ಮಾತನ್ನು ಸಾವಕ್ಕ ಮುಟ್ಟಿಸಬೇಕಾದ ಪ್ರಸಂಗವೇ ಬರಲಿಲ್ಲ.

ಡಬ್ಬಿಯ ಹುಡುಕಾಟ ಶುರುವಾಯಿತು. ಸ್ಟೇಶನ್ ಹತ್ತಿರ ಜೂನಾ ಸಾಮಾನಿನ, ಹಳೆ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಗೌಸಮೊದ್ದೀನ ಮೊದಲು ಲಾರಿಯ ಫಿಲ್ಟರ್ ಕೊಟ್ಟ. ತಳದಲ್ಲಿ ಎಣ್ಣೆ ತುಂಬಿದ, ಗಾಳಿ ಆ ಎಣ್ಣೆಯ ಮೇಲಿಂದ ಹಾದು ಹೋಗುವ ದೊಡ್ಡ ಡಬ್ಬಿ. "ಇದು ಹಾಕ್ರಿ ಭಾಯಿ. ರೇತಿ ಗುಡ್ಡದಾಗ ಹೋದ್ರೂ ಒಂದು ಕಣ ಒಳಗ ಹೋಗಂಗಿಲ್ಲ," ಎಂದ. ಧೂಳು ಹೋಗಲಿಲ್ಲ ನಿಜ, ಗಾಳಿಯೂ ಹೋಗಲಿಲ್ಲ. ಗಾಡಿ ಮುಕ್ಕರಿದು ನಿಂತಿತು, ಮೇಲಿನ ಮುಚ್ಚಳವಂತೂ ಹಾಕಲು ಬರಲೇ ಇಲ್ಲ. ಎರಡನೆಯ ಸಲ ತಂತಿಯ ಜಾಳಿಗೆ ತಂದರು. ಗಾಡಿ ಹುರುಪಿನಿಂದ ಓಡಿತು. ಆದರೆ ಜಾಳಿಗೆಯ ಹಿಂದೆ ಬೆರಳಾಡಿಸಿದರೆ ಎರೆಮಣ್ಣಿನ ಕರಿ ಪುಡಿ ಹಿಟ್ಟಿನಂತೆ ಹತ್ತಿತು.

ಮೂರನೆಯದು ಮುಂಬೈಯಿಂದ ಪಾರ್ಸಲಿನಲ್ಲಿ ಬರಬೇಕಿತ್ತು. ಎಂಟು ದಿನ ಮನೆಯವರೆಲ್ಲ ಪೋಸ್ಟಿನವನ ದಾರಿ ಕಾದರು. ಬೇಕಿಲ್ಲ ಬೇಕಿಲ್ಲ ಎನ್ನುತ್ತಲೇ ರುಕ್ಮವ್ವನೂ ಕಾದಳು. ಬಂದದ್ದು ನೆರಿಗೆ ನೆರಿಗೆಯಾಗಿ ಮಡಿಸಿದ ಹಳದಿ ಕಾಗದ.

"ಕಾಗದದಾಗ ಗಾಳಿ ಸೋಸ್ತಾರ?" ಎಂದಳು ರುಕ್ಮವ್ವ.

"ಈಗ ಎಲ್ಲಾ ಕಡೆ ಇದ ಬರಾಕತ್ತೈತಿ ಅವ್ವಾ. ಹೊಸಾದು."

ಹೊಸದು ನಾಲ್ಕು ದಿನ ಬಾಳಿತು. ಹತ್ತಿ ಗಾಡಿಗಳ ಹಿಂದೆ ಉಣಕಲ್ಲಿನವರೆಗೆ ಹೋಗಿ ಬರುವುದರಲ್ಲಿ ನೆರಿಗೆಗಳೆಲ್ಲ ತುಂಬಿ ಕಾಗದ ಕರಿ ಬಣ್ಣಕ್ಕೆ ತಿರುಗಿತು. ಬಡಿದರೂ ಹೋಗಲಿಲ್ಲ, ತೊಳೆದರೆ ಹರಿಯಿತು. ಮತ್ತೊಂದು ಬೇಕೆಂದರೆ ಮತ್ತೆ ಎಂಟು ದಿನ. ಬಸವ ಜಯಂತಿಗೆ ಉಳಿದದ್ದು ಎರಡೂವರೆ ವಾರ. ಯಮನಪ್ಪ ಊಟಕ್ಕೆ ಕೂತರೆ ರೊಟ್ಟಿ ಮುರಿದುಕೊಂಡು ಗೋಡೆ ನೋಡುತ್ತಿದ್ದ. ಎದುರಿಗೆ ಕೂತ ಅಪ್ಪ ಝುಣಕದ ಬಟ್ಟಲು ಸೊಸೆಯ ಕೈಯಿಂದಲೇ ಮಗನ ಕಡೆ ಸರಿಸುತ್ತಿದ್ದ.

ಉತ್ತರ ಅಷ್ಟರವರೆಗೂ ಮನೆಯ ಗೂಟಕ್ಕೇ ನೇತುಬಿದ್ದಿತ್ತು. ಅದನ್ನು ಕಂಡವಳು ಸಾವಕ್ಕ. ಮಾವನ ಹಾಸಿಗೆಯ ಮೇಲುಗಡೆ, ಜಿನ್ನಿಗೆ ಹೋಗುವಾಗ ಮೂಗಿಗೆ ಕಟ್ಟಿಕೊಳ್ಳುತ್ತಿದ್ದ ಹಳೆಯ ಬಟ್ಟೆ ಇನ್ನೂ ಇತ್ತು. ಬಿಸಿನೀರು ಕೊಡಲು ಹೋದವಳು ಅದನ್ನು ನೋಡುತ್ತ ನಿಂತಳು.

"ಮಾವಾರ, ಜಿನ್ನಿನಾಗ ಮೂಗಿಗೆ ಎಂಥಾ ಅರಿವಿ ಕಟ್ತಿದ್ರಿ?"

"ಯಾರಿಗೆ ಬೇಕದು?"

"ನನಗರಿ."

ಗುರುಶಿದ್ದಪ್ಪನಿಗೆ ಗೊತ್ತಾಗದೆ ಇರಲಿಲ್ಲ. ಆದರೆ ಮೂವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅವನು ಎದ್ದು ಕೂತ.

"ಹೊಸಾದು ನಡಿಯಂಗಿಲ್ಲ. ಹೊಸಾದು ಗಟ್ಟಿ, ಉಸಿರು ಬಿಡಂಗಿಲ್ಲ. ಐವತ್ತು ಸಲ ಒಗದು ಮೆತ್ತಗಾದ ಹತ್ತಿ ಅರಿವಿ ಬೇಕು. ಮೂರು ಪದರು. ಒಂದರ ಎಳಿ ಉದ್ದ ಇದ್ರ ಮುಂದಿಂದು ಅಡ್ಡ. ಪದರಿನ ನಡುವ ಚೂರು ಸಡಿಲ ಇರಬೇಕು, ಒತ್ತಿ ಹೊಲೀಬಾರದು. ಮ್ಯಾಲೆ ಚೂರು ಜಿಡ್ಡು. ಧೂಳಿ ಜಿಡ್ಡಿಗೆ ಹತ್ತಿ ಅಲ್ಲೇ ಕುಂದ್ರತೈತಿ, ಗಾಳಿ ಒಳಗ ಬರತೈತಿ."

"ಇಷ್ಟೆಲ್ಲಾ ಗೊತ್ತಿದ್ದೂ ನಿಮಗ..." ಎಂದು ಸಾವಕ್ಕ ನಿಲ್ಲಿಸಿದಳು.

"ನನಗ ಯಾಕ ದಮ್ಮು ಬಂತು ಅಂತೇನು?" ಮುದುಕ ನಕ್ಕ. "ಕಟ್ಟಿದ್ರ ದೌಡಾಯಿಸಿ ಕೆಲಸ ಮಾಡಾಕ ಉಸಿರು ಸಾಲ್ತಿರಲಿಲ್ಲ. ಬಿಟ್ರ ಪುಡಿ. ಮೊದಲ ಹತ್ತು ವರ್ಷ ಕಟ್ಟಿದೆ. ಆಮ್ಯಾಲ ಕೆಲಸ ನೋಡೋ ಮುಕಾದಮ ಬೈಯಾಕ ಹತ್ತಿದ, ಬಿಟ್ಟೆ."

ಬಾಗಿಲಿನಿಂದ ಬಿಸಿಲು ಬಿದ್ದಿತ್ತು. ಓಣಿಯಾಚೆಯ ಇನ್ನೊಂದು ಜಿನ್ನಿನಿಂದ ಹಾರಿ ಬಂದ ಹತ್ತಿಯ ಎಳೆಗಳು ಆ ಬಿಸಿಲಿನಲ್ಲಿ ಇಳಿಯುವುದಕ್ಕೆ ಮನಸ್ಸಿಲ್ಲದೆ ತೇಲುತ್ತಿದ್ದವು. ಸಾವಕ್ಕನಿಗೆ ಅವು ಮೊದಲಿನಿಂದಲೂ ಚೆಂದ ಕಾಣುತ್ತಿದ್ದವು. ಅವತ್ತು ಮೊದಲ ಸಲ ಹೋಗಿ ಬಾಗಿಲು ಮುಚ್ಚಿದಳು.

ಅವಳ ಪೆಟ್ಟಿಗೆಯಲ್ಲಿ ತವರಿನಿಂದ ಬರುವಾಗ ಗುಡ್ಡವ್ವ ಕೊಟ್ಟ ಹತ್ತಿ ಸೀರೆ ಇತ್ತು. ಅವ್ವ ಉಟ್ಟು ಉಟ್ಟು ಹೂವಿನಷ್ಟು ಮೆತ್ತಗಾದದ್ದು. ನೆರಿಗೆಯ ಭಾಗ ಹರವಿ, ಒಂದು ಸಲ ತಿರುಗಿ ಮಡಿಸಿಟ್ಟಳು. ಆದರೂ ಕತ್ತರಿಸಿದಳು. ಯಮನಪ್ಪ ತಂತಿ ಜಾಳಿಗೆಯ ಎರಡು ಚೌಕಟ್ಟು ಮಾಡಿಕೊಟ್ಟ. ಮೂರು ಪದರು, ಎಳೆ ಉದ್ದ ಒಮ್ಮೆ, ಅಡ್ಡ ಒಮ್ಮೆ. ಕೌದಿಗೆ ಹಾಕುವ ಹೊಲಿಗೆಯಲ್ಲಿ ಸಡಿಲವಾಗಿ ಹಿಡಿದಳು.

"ನಾ ಡ್ಯೂಟಿಯಿಂದ ಬರೂದ್ರೊಳಗ ಎಣ್ಣಿ ಹಚ್ಚಿಡು," ಎಂದು ಹೇಳಿ ಅವನು ಕೆಲಸಕ್ಕೆ ಹೋದ. ಅವನು ಹೇಳಿದ್ದು ಮೂಲೆಯ ತಗಡಿನ ಡಬ್ಬಿಯಲ್ಲಿದ್ದ ಮಶಿನ್ ಎಣ್ಣೆ. ಸಾವಕ್ಕ ಡಬ್ಬಿ ತೆರೆದು ಮೂಸಿದಳು. ಕರ್ರಗೆ, ಹೊಲಸು ವಾಸನೆ. ಅವ್ವನ ಸೀರೆಗೆ ಇದನ್ನು ಸುರಿಯಲು ಅವಳಿಗೆ ಮನಸ್ಸಾಗಲಿಲ್ಲ. ಉಸಿರು ಹಾದುಹೋಗುವ ಬಟ್ಟೆ, ಸ್ವಚ್ಛ ಎಣ್ಣೆ ಬೇಡವೆ? ಅಡುಗೆಮನೆಯ ಗಡಿಗೆಯಿಂದ ಕುಸುಬಿ ಎಣ್ಣೆ ತೆಗೆದು ಅಂಗೈಗೆ ಹಾಕಿಕೊಂಡು, ಕೂಸಿನ ತಲೆಗೆ ತಿಕ್ಕಿದ ಹಾಗೆ ನಯವಾಗಿ ಸವರಿದಳು.

ಸಂಜೆ ಯಮನಪ್ಪ ಮೂಸಿ ನೋಡಿ ನಕ್ಕುಬಿಟ್ಟ. "ಗಾಡಿಗೆ ಒಗ್ಗರಣಿ ಹಾಕಿಯಲ್ಲ. ಇರಲಿ ಬಿಡು, ಎಣ್ಣಿ ಎಣ್ಣಿನ." ಆ ಮಾತು ಇಬ್ಬರಿಗೂ ಹತ್ತು ದಿನದ ಮೇಲೆ ತಿರುಗಿ ಬಂತು.

ಮೊದಲು ಗಾಡಿ ಓಡಿದ್ದನ್ನು ಏನು ಹೇಳುವುದು. ಬಾಯಿ ತುಂಬ ಗಾಳಿ ಎಳೆದುಕೊಂಡು, ಏರಿನಲ್ಲೂ ಗುಂಯ್ ಎನ್ನುತ್ತ ಹೋಯಿತು. ಬಟ್ಟೆಯ ಹಿಂದೆ ಬೆರಳಾಡಿಸಿದರೆ ಬೆರಳು ಬೆಳ್ಳಗೇ ಬಂತು. ಗೌಸಮೊದ್ದೀನ ಕೆಲಸ ಬಿಟ್ಟು ಬಂದು ನೋಡಿ, "ಮುಂಬೈಕ್ಕೂ ಗೊತ್ತಿಲ್ಲದ್ದು ನಿಮ್ಮ ಮನಿಯಾಗ ಮಾಡ್ಯಾರ ಭಾಯಿ," ಎಂದು ಹೋದ. ರುಕ್ಮವ್ವ ಓಣಿಯಲ್ಲಿ ಆ ಹೊಲಿಗೆ ತಾನೇ ಕಲಿಸಿದ್ದೆಂದು ಹೇಳಿಕೊಂಡು ಬಂದಳು. ಸಾವಕ್ಕ ಪೆಟ್ಟಿಗೆಯ ತಳದಿಂದ ಹಸಿರು ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಅವ್ವನಿಗೆ ಕೊಡಲು ಚಕ್ಕುಲಿ ಮಾಡಿ ಡಬ್ಬಿ ತುಂಬಿದಳು. ಮಾವ ಮಾತ್ರ ಏನೂ ಹೇಳಲಿಲ್ಲ. ಆದರೆ ಗಾಡಿಯ ಸದ್ದು ಓಣಿಯ ತಿರುವಿನಲ್ಲಿ ಕೇಳಿದರೆ ಅವನ ಕತ್ತು ತನ್ನಷ್ಟಕ್ಕೆ ಆ ಕಡೆ ತಿರುಗುತ್ತಿತ್ತು.

ಬಸವ ಜಯಂತಿಗೆ ನಾಲ್ಕು ದಿನ ಉಳಿದಿತ್ತು. ರವಿವಾರ ಮಧ್ಯಾಹ್ನ ಯಮನಪ್ಪ ಉಣಕಲ್ಲಿನವರೆಗೆ ಹೋಗಿ ಬರುತ್ತೇನೆಂದು ಹೋದವನು ಚಹಾದ ಹೊತ್ತಾದರೂ ಬರಲಿಲ್ಲ. ಬಿಸಿಲು ಇಳಿದ ಮೇಲೆ ಓಣಿಯಲ್ಲಿ ಗೆಜ್ಜೆಯ ಸದ್ದಾಯಿತು. ಪಕ್ಕದ ಓಣಿಯ ಬಡೇಸಾಬನ ಖಾಲಿ ಬಂಡಿ ಬರುತ್ತಿತ್ತು. ಬಂಡಿಗೆ ಒಂದು ಜೋಡಿ ಎತ್ತು. ಬಂಡಿಯ ಹಿಂದೆ ಹಗ್ಗ. ಹಗ್ಗಕ್ಕೆ ಕೆಂಪು ಸ್ಪೋರ್ಟ್ಸ್ ಕಾರು, ಅದರೊಳಗೆ ತಲೆ ತಗ್ಗಿಸಿ ಸ್ಟೇರಿಂಗ್ ಹಿಡಿದ ಯಮನಪ್ಪ.

ಗುರುಶಿದ್ದಪ್ಪ ನೋಡಿದ. ಐದು ವಾರ ಬಿಗಿದುಕೊಂಡ ಮುಖ ಸಡಿಲಾಯಿತು. "ಸಾವಕ್ಕಾ, ಹೊರಗ ಬಾ. ಎತ್ತು ಬಂದ್ವು ನೋಡು," ಎಂದು ಹೊಟ್ಟೆ ಹಿಡಿದು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಅವನು ಕಂಬ ಹಿಡಿದು ಬಾಗಿದ, ತುಟಿ ಕಪ್ಪಿಟ್ಟಿತು. ಯಮನಪ್ಪ ಗಾಡಿಯಿಂದ ಹಾರಿ ಬಂದು ಅಪ್ಪನ ಬೆನ್ನು ನೀವತೊಡಗಿದ. ಮುದುಕ ಆ ಕೈಯನ್ನು ಸರಿಸಲಿಲ್ಲ. ಉಸಿರು ಮರಳಿದ ಮೇಲೆ ಮಾತ್ರ, "ಸಾವಕ್ಕಾ, ಸಾಕು ಅಂತ ಹೇಳು," ಎಂದ.

ಉಣಕಲ್ಲಿನ ಏರಿನಲ್ಲಿ ಗಾಡಿ ಕರಿ ಹೊಗೆ ಕಾರಿ ಉಸಿರುಗಟ್ಟಿ ನಿಂತಿತ್ತು. ಸಾವಕ್ಕ ಚೌಕಟ್ಟು ಬಿಚ್ಚಿ ಕೈಯಲ್ಲಿ ಹಿಡಿದಳು. ಅವ್ವನ ಸೀರೆ ಹಪ್ಪಳದಂತೆ ಗಟ್ಟಿಯಾಗಿತ್ತು. ಬೆರಳಿಗೆ ಅಂಟು ಅಂಟು. ಬೆಳಕಿಗೆ ಹಿಡಿದರೆ ಒಂದು ತೂತೂ ಕಾಣಲಿಲ್ಲ. ಅವಳಿಗೆ ಕೂಡಲೇ ತಿಳಿಯಿತು. ದೇವರ ಮುಂದಿನ ದೀಪದ ಕಂಬದ ಕೆಳಗೆ ಸೋರಿದ ಕುಸುಬಿ ಎಣ್ಣೆಯನ್ನು ಪ್ರತಿ ಹಬ್ಬಕ್ಕೆ ಚಾಕುವಿನಿಂದ ಕೆರೆದು ತೆಗೆಯುವವಳು ಅವಳೇ. ಎರಡು ವಾರ ಬಿಟ್ಟರೆ ಆ ಎಣ್ಣೆ ಅಂಟಾಗಿ ಒಣಗುತ್ತದೆ. ಇಲ್ಲಿ ಇಂಜಿನಿನ ಕಾವು ಬೇರೆ. ವರ್ಷವಿಡೀ ಕೆರೆದ ಕೈಗೆ ಅದು ನೆನಪಾಗಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ತಪ್ಪು ನಂದು," ಎಂದಳು ಎಲ್ಲರೆದುರು. "ಇವರು ಹೇಳಿದ ಎಣ್ಣಿ ಬಿಟ್ಟು ಕುಸುಬಿ ಎಣ್ಣಿ ಹಚ್ಚಿದೆ."

"ಮೂಸಿ ನೋಡಿ ಸುಮ್ಮನಾದಂವ ನಾನು," ಎಂದ ಯಮನಪ್ಪ. ಆಮೇಲೆ ಯಾರಿಗೂ ಕೇಳಿಸದಷ್ಟು ಸಣ್ಣಗೆ, "ನಾಳಿ ರಾಯರಿಗೆ ಹೇಳ್ತೇನಿ. ಎತ್ತು ಬರ್ಲಿ," ಎಂದ.

ಸಾವಕ್ಕ ಹಸಿರು ಸೀರೆಯನ್ನು ಹಗ್ಗದಿಂದ ತೆಗೆದು ಮಡಿಸಿದಳು. ಅಳಲಿಲ್ಲ. ಮಡಿಕೆ ನಾಲ್ಕು ಸಲ ತಪ್ಪಿತು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಗುರುಶಿದ್ದಪ್ಪ ಕಟ್ಟೆಯ ಮೇಲೆ ಕೂತಿದ್ದ. ಮುಂದೆ ಅವನದೊಂದು ಹಳೆಯ ಧೋತರ, ಕತ್ತರಿ, ಒಂದು ಬಟ್ಟಲು ಔಡಲ ಎಣ್ಣೆ, ಎಂದರೆ ಹರಳೆಣ್ಣೆ.

"ಸಾವಕ್ಕಾ, ನಿನ್ನ ಸೀರಿಯಾಗ ಸೆರಗು ಉಳದಿದ್ರ ತಗೊಂಡು ಬಾ. ಎರಡು ಬಾಯಿ ಐತಂತಲ್ಲ, ಧೋತರ ಬಹಳ ಹರದೈತಿ, ಒಂದಕ್ಕ ಅಷ್ಟ ಸಾಲತೈತಿ."

"ಮಾವಾರ, ನಿಮಗ ಎತ್ತು ಬೇಕಾಗಿದ್ವಲ್ಲರಿ."

"ಬೇಕಾಗ್ಯಾವು. ಆದ್ರ ಅರಿವಿ ಕೆಲಸ ಕೆಟ್ಟು, ಗಾಡಿ ಸೋತು ಎತ್ತು ಬರೂದು ನನಗ ಬ್ಯಾಡ. ಮೂವತ್ತು ವರ್ಷ ಹತ್ತಿಯಾಗ ಇದ್ದಂವ ನಾನು." ಎಣ್ಣೆಯ ಬಟ್ಟಲನ್ನು ಅವಳ ಕಡೆ ಸರಿಸಿದ. "ಬಂಡಿ ಅಚ್ಚಿಗೆ ಯಾವ ಎಣ್ಣಿ ಹಾಕ್ತಾರ? ಔಡಲ. ಯಾಕ? ಅದು ಒಣಗಂಗಿಲ್ಲ. ಬಿಸಿಲಿಗಿಟ್ರೂ ಜಿಡ್ಡು ಜಿಡ್ಡೇ ಇರತೈತಿ."

ಆ ಎರಡು ಸಂಜೆ ಮನೆಯ ಮುಂದೆ ನಡೆದದ್ದನ್ನು ಓಣಿಯವರು ಬಹಳ ದಿನ ಹೇಳಿಕೊಂಡು ನಕ್ಕರು. ಕಟ್ಟೆಯ ಮೇಲೆ ಅಪ್ಪ ಪದರು ಕೂಡಿಸುತ್ತಿದ್ದ. ಮೂರು ಮೊಳದಾಚೆ ಮಗ ತಂತಿ ಬಗ್ಗಿಸುತ್ತಿದ್ದ. ನಡುವೆ ಸೂಜಿ ಹಿಡಿದ ಸಾವಕ್ಕ.

"ಸಾವಕ್ಕಾ, ಅವಗ ಹೇಳು. ತಂತಿ ಅಂಚು ಒಳಗ ಮಡಚಲಿ, ಅರಿವಿ ಹರಿತೈತಿ."

"ಕೇಳಿಸ್ತು ಅಂತ ಹೇಳು."

"ಕೇಳಿಸಿದ್ರ ಮಡಚು ಅಂತ ಹೇಳು."

"ಮಡಚಾಕತ್ತೇನಿ ಅಂತ ಹೇಳು."

"ಇಬ್ಬರಿಗೂ ನಾ ಹೇಳ್ತೇನಿ," ಎಂದಳು ರುಕ್ಮವ್ವ ಒಳಗಿಂದ. "ರೊಟ್ಟಿ ಆರಾಕತ್ತಾವು. ಆಕಿ ಬಾಯಿ ನೋಯಸಬ್ಯಾಡ್ರಿ, ಎದ್ದು ಬರ್ರಿ."

ಬಸವ ಜಯಂತಿಯ ಬೆಳಗು ಬಂತು. ಓಣಿಯ ತುಂಬ ಎತ್ತುಗಳ ಮೈ ತೊಳೆಯುವ ಗದ್ದಲ, ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಯಮನಪ್ಪನೂ ಗಾಡಿ ತೊಳೆದ. ಒಂದು ಬಾಯಿಗೆ ಸೀರೆಯ ಸೆರಗು, ಇನ್ನೊಂದಕ್ಕೆ ಧೋತರ ಕಟ್ಟಿ ಮುಚ್ಚಳ ಹಾಕಿದ. ರುಕ್ಮವ್ವ ಸುಮ್ಮನಿರಲಾರದೆ ಗಾಡಿಯ ಮೂತಿಗೆ ವಿಭೂತಿ ಹಚ್ಚಿ ಒಂದು ಚೆಂಡು ಹೂವಿನ ಮಾಲೆ ಹಾಕಿದಳು. ಸಾವಕ್ಕ ಹಸಿರು ಸೀರೆ ಉಟ್ಟು, ಚಕ್ಕುಲಿಯ ಡಬ್ಬಿ ಹಿಡಿದು ಹೊಸ್ತಿಲು ದಾಟಿದಳು.

ಅಷ್ಟರಲ್ಲಿ ಒಳಗಿಂದ ಗುರುಶಿದ್ದಪ್ಪ ಬಂದ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಹಬ್ಬದ ಪಟಗ. ಕಟ್ಟೆ ಇಳಿದು ಗಾಡಿಯ ಹತ್ತಿರ ನಿಂತ.

"ಸಾವಕ್ಕಾ, ಅವಗ ಹೇಳು. ಗಾಡಿ ಮುಗದಕ್ಕ ಮುಟ್ಟಿತೋ ಇಲ್ಲೋ ಅಂತ ನೋಡೋರು ಬೇಕಲ್ಲ. ನಾ ಬರ್ತೇನಿ."

ಯಮನಪ್ಪ ಹೆಂಡತಿಯ ಮುಖ ನೋಡಿದ. ಅವಳು ಮಾವನ ಮುಖ ನೋಡಿದಳು. ನಾಲ್ಕು ಹೆಜ್ಜೆ ನಡೆದದ್ದಕ್ಕೆ ಅವನ ಎದೆ ಏರಿಳಿಯುತ್ತಿತ್ತು. ಮುಗದಕ್ಕೆ ಅವನು ಹೋಗಿ ಎಷ್ಟು ವರ್ಷವಾಯಿತೆಂದು ಅವಳು ಲೆಕ್ಕ ಹಾಕಿದಳು. ತನ್ನ ಎರಡು ವರ್ಷಕ್ಕಿಂತ ಅದು ಬಹಳ ಹೆಚ್ಚಿತ್ತು. ಇನ್ನೊಂದು ಸಲ ಹೋಗುತ್ತಾನೋ ಇಲ್ಲವೋ. ಅವಳೇ ಗಾಡಿಯ ಪುಟ್ಟ ಬಾಗಿಲು ತೆರೆದಳು.

"ಕುಂದ್ರಿ ಮಾವಾರ. ಇದನ್ನ ಅವ್ವಗ ಕೊಡ್ರಿ," ಎಂದು ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟಳು.

ಗಾಡಿ ತಿರುವು ದಾಟುವವರೆಗೆ ನಗುತ್ತಲೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ರುಕ್ಮವ್ವ ನೋಡಿಯೂ ನೋಡದ ಹಾಗೆ, "ಹೂರಣ ರುಬ್ಬೂದೈತಿ," ಎಂದು ಹೇಳಿ, ರುಬ್ಬುವ ಕಲ್ಲಿಗೆ ತಾನೇ ಕೂತಳು. ಮೊಣಕಾಲು ನೋವಿನ ರುಕ್ಮವ್ವ ರುಬ್ಬಲು ಕೂತದ್ದು ನಾಲ್ಕು ವರ್ಷದಲ್ಲಿ ಅದೇ ಮೊದಲು.

ಹೋಳಿಗೆ ಆದವು. ಊಟದ ಹೊತ್ತು ಮೀರಿತು. ಎತ್ತುಗಳ ಮೆರವಣಿಗೆ ಬಾಜಾ ಬಾರಿಸುತ್ತ ಓಣಿಯಿಂದ ದಾಟಿ ಹೋಯಿತು. ಮೂರು ಗಂಟೆಗೆ ತಿರುವಿನಲ್ಲಿ ಆ ಸದ್ದು ಕೇಳಿಸಿತು, ಉಸಿರು ತುಂಬ ಎಳೆದುಕೊಂಡ ಸದ್ದು. ಸಾವಕ್ಕ ಓಡಿ ಹೊರಗೆ ಬಂದಳು. ಗಾಡಿ ಬಂದು ನಿಂತಿತು. ಯಮನಪ್ಪನ ಮುಖದ ಮೇಲೆ ಕೆಂಪು ಧೂಳು. ಪಕ್ಕದ ಸೀಟು ಖಾಲಿ.

ಅವಳು ಹೋಗಿ ಆ ಕಡೆಯ ಪುಟ್ಟ ಬಾಗಿಲು ಹಿಡಿದಳು. "ಮಾವಾರೆಲ್ಲಿ?"

"ಹೇಳ್ತೇನಿ ತಡಿ. ಮೊದಲ ನೀರು ಕೊಡು."

"ಮಾವಾರೆಲ್ಲಿ ಅಂತ ಕೇಳಾಕತ್ತೇನಿ." ರುಕ್ಮವ್ವ ಹಿಂದೆ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಮುಗದದಾಗ ಅದಾರ. ಅತ್ತಿಯವರ ಕಟ್ಟಿ ಮ್ಯಾಲ ಕುಂತು ಚಕ್ಕುಲಿ ತಿನ್ನಾಕತ್ತಾರ." ಯಮನಪ್ಪ ಮುಖ ಒರೆಸಿಕೊಂಡ. ಧೂಳಿನ ಕೆಳಗೆ ಅವನು ನಗುತ್ತಿದ್ದ, ಕಣ್ಣು ಮಾತ್ರ ಒದ್ದೆಯಾಗಿದ್ದವು. "ಅಪ್ಪ ಮಾತಾಡಿದ."

"ಏನಂದ್ರು?"

"ನವಲೂರು ದಾಟಿ ಇಳಿಜಾರು ಬಂತು. ಅಪ್ಪಗ ತ್ರಾಸ ಆದೀತು ಅಂತ ನಾ ಮೆಲ್ಲಕ ಹೊಡ್ಯಾಕತ್ತಿದ್ದೆ. ಪಟಗ ಕೈಯಾಗ ಹಿಡದು ಕುಂತಂವ ನನ್ನ ಕಡೆ ತಿರುಗಿದ. 'ಯಮನಪ್ಪಾ, ಇಷ್ಟ ಏನು ಇದರ ಓಟ?' ಅಂದ."

ರುಕ್ಮವ್ವ ಕುಸಿದು ಹೊಸ್ತಿಲ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"ಮತ್ತ ನಿನಗೊಂದು ಮಾತು ಹೇಳಿ ಕಳಸ್ಯಾನ," ಎಂದ ಯಮನಪ್ಪ. ಅಪ್ಪನ ಧಾಟಿಯಲ್ಲೇ ಗಂಟಲು ಸರಿಮಾಡಿಕೊಂಡ. "ಯಮನಪ್ಪಾ, ಸಾವಕ್ಕಗ ಹೇಳು. ಆಕಿ ಸೀಟು ನಾ ತಗೊಂಡಿದ್ದೆ, ತಿರುಗಿ ಕಳಿಸೇನಿ. ಇಲ್ಲಿ ಗಾಳಿಗೆ ದಮ್ಮು ಹಗುರಾಗೈತಿ, ನಾ ಎಂಟು ದಿನ ತಂಗಿ ಮನ್ಯಾಗ ಇರಾಂವ. ಆಕಿ ಅವ್ವ ದಾರಿ ನೋಡಾಕತ್ತಾಳ. ಹೊತ್ತು ಮುಳುಗೂದ್ರೊಳಗ ಆಕಿ ಇಲ್ಲಿರಬೇಕು. ರಾಯರಿಗೆ ಹೇಳು, ಎತ್ತು ಬ್ಯಾಡ."

ಐದು ವಾರ ಈ ಮನೆಯಲ್ಲಿ ಎಲ್ಲರ ಮಾತು ಎಲ್ಲರಿಗೆ ಮುಟ್ಟಿಸಿದವಳಿಗೆ ಇವತ್ತು ಅವಳ ಹೆಸರಿನ ಮಾತೊಂದು ಬಂದಿತ್ತು.

"ನಿಂತು ಏನು ನೋಡ್ತಿ?" ರುಕ್ಮವ್ವ ಎದ್ದಳು. ಹೋಳಿಗೆ ಕಟ್ಟಿದ ಗಂಟು ತಂದು ಸೀಟಿನ ಮೇಲಿಟ್ಟಳು. ಸೊಸೆಯ ಸೆರಗನ್ನು ತಲೆಯ ಮೇಲೆ ಎಳೆದು, ಗಾಳಿಗೆ ಹಾರದ ಹಾಗೆ ಗದ್ದದ ಕೆಳಗೆ ಬಿಗಿಯಾಗಿ ಕಟ್ಟಿದಳು. "ಮೂಗಿಗೂ ಅರಿವಿ ಕಟ್ಟಿಕೋ. ಧೂಳಿ ಐತಿ. ಆ ಮುದುಕಗ ಹೇಳು, ಎಂಟನೇ ದಿನ ನಾನ ಕರಕೊಳ್ಳಾಕ ಬರ್ತೇನಂತ. ಆ ಸೀಟು ನಂದು."

ಗಾಡಿ ದುರ್ಗದಬೈಲದ ಗದ್ದಲ ದಾಟಿತು. ಮಂದಿ ನೋಡಿದರು, ಸಾವಕ್ಕ ತಲೆ ತಗ್ಗಿಸಿ ಗಂಟು ಹಿಡಿದು ಕೂತಳು. ಪೇಟೆ ಮುಗಿಯಿತು, ಉಣಕಲ್ಲ ಕೆರೆಯ ನೀರು ಇಳಿಬಿಸಿಲಿನಲ್ಲಿ ಬೆಳ್ಳಗೆ ಕಂಡಿತು. ಏರಿನಲ್ಲಿ ಗಾಡಿ ತಡವರಿಸಲಿಲ್ಲ. ಅವಳು ಮೂಗಿನ ಮೇಲಿನ ಬಟ್ಟೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಗಾಳಿ ಎದೆಯ ತಳದವರೆಗೆ ಹೋಯಿತು. ಎಷ್ಟೋ ದಿನ ಒಲೆಯ ಮುಂದೆ ಕೂತು ಕಂಡದ್ದೆಲ್ಲ ಈಗ ಎರಡೂ ಕಡೆಯಿಂದ ಹಿಂದಕ್ಕೆ ಸರಿಯುತ್ತಿತ್ತು. ಅವಳು ಅಂದುಕೊಂಡದ್ದಕ್ಕಿಂತ ಸ್ವಲ್ಪ ನಿಧಾನವಾಗಿ.

ಅವಳು ಗಂಡನ ಕಡೆ ತಿರುಗಿದಳು.

"ಇಷ್ಟ ಏನ್ರಿ ಇದರ ಓಟ?"